ನಮ್ಮ ಬೀದಿಯ ಸುಶಿ ಹೋಟೆಲು: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಪೇಟೆಯ ನಮ್ಮ ಬೀದಿಯಲ್ಲಿ ಎಂಟು ಹತ್ತು ಮಂದಿ ಮಾತ್ರ ಕೂರಬಹುದಾದ ಒಂದು ಪುಟ್ಟ ಜಪಾನಿ ಹೋಟೆಲು ಇದೆ. ಗಲ್ಫಿನ ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಕೆಲಸ ಕಲಿತು ಊರಿಗೆ ಮರಳಿದವರೊಬ್ಬರು ಅದನ್ನು ನಡೆಸುತ್ತಿದ್ದಾರೆ. ನಾನು ಅಲ್ಲಿನ ಖಾಯಂ ಗಿರಾಕಿ ಎಂಬುದು ಗೊತ್ತಿರುವುದರಿಂದ ನೆಂಟರೂ ನೆರೆಯವರೂ ಕಂಡಾಗಲೆಲ್ಲ ಏನಾದರೊಂದು ಕೇಳುತ್ತಾರೆ. ಹುಟ್ಟಿನಿಂದ ಮೀನು ನೋಡಿ ಬೆಳೆದವರಾದ್ದರಿಂದ ಅವರ ಪ್ರಶ್ನೆಗಳು ಹರಿತವಾಗಿಯೇ ಇರುತ್ತವೆ. ಮೀನು ಮುಟ್ಟದ ಮನೆಯವರ ಪ್ರಶ್ನೆಗಳು ಇನ್ನೂ ಹರಿತ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಸುಶಿ ಎಂದರೆ ಹಸಿ ಮೀನು ತಾನೆ?

ಅಲ್ಲ. ವಿನೆಗರ್, ಸಕ್ಕರೆ ಮತ್ತು ಉಪ್ಪು ಬೆರೆಸಿದ ಅನ್ನವೇ ಸುಶಿಯ ಆಧಾರ. ಆ ಅನ್ನದ ಜೊತೆಗೆ ಸೌತೆಕಾಯಿ ಇಟ್ಟರೂ, ಬೇಯಿಸಿದ ಸಿಗಡಿ ಇಟ್ಟರೂ, ಮೊಟ್ಟೆಯ ಪದರ ಇಟ್ಟರೂ ಅದು ಸುಶಿಯೇ. ಅನ್ನವಿಲ್ಲದೆ ಹಸಿ ಮೀನಿನ ಹೋಳುಗಳನ್ನಷ್ಟೇ ತಟ್ಟೆಯಲ್ಲಿ ಜೋಡಿಸಿ ಕೊಟ್ಟರೆ ಅದು ಸಾಶಿಮಿ. ಮೆನುವಿನಲ್ಲಿ ಕಾಣುವ ಉಳಿದ ಹೆಸರುಗಳೂ ಅಷ್ಟೇನೂ ಕಷ್ಟದವಲ್ಲ. ಅನ್ನದ ಸಣ್ಣ ಉಂಡೆಯ ಮೇಲೆ ಒಂದು ಹೋಳು ಕೂರಿಸಿದ್ದು ನಿಗಿರಿ, ನೋರಿ ಎಂಬ ಒಣ ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿ ತುಂಡು ಮಾಡಿದ್ದು ಮಾಕಿ, ಹಾಳೆಯನ್ನು ಶಂಕುವಿನಂತೆ ಸುತ್ತಿ ಕೈಗೇ ಕೊಡುವುದು ತೆಮಾಕಿ, ಬಟ್ಟಲಿನ ಅನ್ನದ ಮೇಲೆ ಬಗೆಬಗೆಯ ಹೋಳುಗಳನ್ನು ಹರಡಿ ಕೊಡುವುದು ಚಿರಾಶಿ.

ಬೆಳಗ್ಗೆ ದೋಣಿಯಿಂದ ಇಳಿದ ಮೀನು ನಮ್ಮೂರಿನಲ್ಲೇ ಸಿಗುವಾಗ ಅವರು ಫ್ರೀಜ್ ಮಾಡಿದ ಮೀನನ್ನು ಏಕೆ ಬಳಸುತ್ತಾರೆ?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಕೇಳುವ ದನಿಯಲ್ಲಿ ಸಣ್ಣ ಆಕ್ಷೇಪವೂ ಇರುತ್ತದೆ: "ಅಲ್ಲ ಮಾರಾಯ್ರೆ, ನಮಗೆ ಐಸಿನ ಮೀನು ತಿನ್ನಿಸುತ್ತಾರಾ?"

ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುರುತು ಉಳಿಯಬಾರದು ಎಂದು ನಮ್ಮ ಹಿರಿಯರು ಕಲಿಸಿದ ಪರೀಕ್ಷೆ ಸರಿಯಾದದ್ದೇ. ಆದರೆ ಅದು ಹೇಳುವುದು ಮೀನು ಕೊಳೆಯಲು ಶುರುವಾಗಿದೆಯೇ ಇಲ್ಲವೇ ಎಂಬುದನ್ನು ಮಾತ್ರ. ಮೀನಿನ ಮಾಂಸದೊಳಗೆ ಪರಾವಲಂಬಿ ಹುಳುಗಳ ಮರಿಗಳಿವೆಯೇ ಎಂಬುದನ್ನು ಅದು ಹೇಳಲಾರದು. ಅನಿಸಾಕಿಸ್ ಎಂಬ ಜಾತಿಯ ಹುಳುಗಳು ಕಡಲಿನ ಸಸ್ತನಿಗಳ ಹೊಟ್ಟೆಯಲ್ಲಿ ಬಲಿಯುತ್ತವೆ. ಅವುಗಳ ಮರಿಗಳು ಸಣ್ಣ ಜಲಜೀವಿಗಳ ಮೂಲಕ ಮೀನನ್ನೂ ಬೊಂಡಾಸನ್ನೂ (ಸ್ಕ್ವಿಡ್) ಸೇರುತ್ತವೆ. ಅಂತಹ ಮೀನನ್ನು ಹಸಿಯಾಗಿ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ತೀವ್ರ ಹೊಟ್ಟೆನೋವು, ವಾಂತಿ ಬರಬಹುದು. ನಾವು ಮೀನನ್ನು ಕುದಿಸಿ, ಹುರಿದು ತಿನ್ನುವವರಾದ್ದರಿಂದ ಈ ಹುಳುಗಳ ಸುದ್ದಿ ನಮಗೆ ಬೇಕಾಗಿರಲಿಲ್ಲ. ಬೆಂಕಿ ಆ ಕೆಲಸವನ್ನು ಸದ್ದಿಲ್ಲದೆ ಮುಗಿಸುತ್ತಿತ್ತು.

ಬೆಂಕಿ ತಗಲದ ಮೀನಿನಲ್ಲಿ ಆ ಕೆಲಸವನ್ನು ಕಡುಚಳಿ ಮಾಡಬೇಕು. ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ ಅಥವಾ ಅದಕ್ಕಿಂತ ಕೆಳಗೆ 7 ದಿನ ಇಡಬೇಕು, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಅದೇ ಚಳಿಯಲ್ಲಿ 15 ಗಂಟೆ ಇಡಬೇಕು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸೂಚನೆ. ಟ್ಯೂನಾದ ಕೆಲವು ದೊಡ್ಡ ಜಾತಿಗಳಿಗೂ, ಹುಳುಗಳಿಲ್ಲದ ಮೇವು ಹಾಕಿ ಸಾಕಿದ ಸಾಲ್ಮನ್‌ನಂಥ ಮೀನಿಗೂ ಇದರಿಂದ ವಿನಾಯಿತಿ ಇದೆ. ಹಾಗಿದ್ದರೂ ಟ್ಯೂನಾದ ಕೆಂಪು ಬಣ್ಣ ಕಪ್ಪಾಗದಂತೆ ಅದನ್ನು ಮೈನಸ್ 60 ಡಿಗ್ರಿಯಷ್ಟು ಚಳಿಯಲ್ಲಿ ಸಾಗಿಸುವ ವ್ಯವಸ್ಥೆ ಜಪಾನಿನಲ್ಲಿ ಬಹಳ ಹಿಂದೆಯೇ ಬೆಳೆದಿದೆ. ಆದುದರಿಂದ ಜಪಾನಿ ಹೋಟೆಲಿನಲ್ಲಿ ಫ್ರೀಜ್ ಮಾಡಿದ ಮೀನು ಕಂಡರೆ ಅದು ಜಿಪುಣತನದ ಗುರುತಲ್ಲ. "ಇಂದು ಬೆಳಗ್ಗೆ ಬಂದರಿನಿಂದ ತಂದ ಅಂಜಲ್, ಹಾಗೆಯೇ ಹಸಿಯಾಗಿ ತಿನ್ನಿ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ಆ ತಟ್ಟೆಯನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸಬೇಕು. ಚಳಿ ಹುಳುಗಳನ್ನು ಕೊಲ್ಲುತ್ತದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ. ಅವು ಸುಮ್ಮನೆ ಮಲಗಿರುತ್ತವೆ. ಮೀನನ್ನು ಕರಗಿಸುವ ಬಗೆ, ಕತ್ತರಿಸುವ ಮಣೆ, ಒರೆಸುವ ಬಟ್ಟೆ, ಬಾಣಸಿಗರ ಕೈ ಇವೆಲ್ಲ ಅಷ್ಟೇ ಮುಖ್ಯವಾಗುವುದು ಇದೇ ಕಾರಣಕ್ಕೆ. ನಮ್ಮ ಬೀದಿಯ ಹೋಟೆಲಿನಲ್ಲಿ ಎಲ್ಲವೂ ಗಿರಾಕಿಯ ಕಣ್ಣೆದುರೇ ನಡೆಯುತ್ತದೆ. ಅಲ್ಲಿ ನನಗೆ ಧೈರ್ಯ ಕೊಡುವುದು ಅದೊಂದೇ.

ಮನೆಯ ಫ್ರಿಜ್ಜಿನಲ್ಲಿ ವಾರ ಇಟ್ಟು ನಾವೇ ಮಾಡಿಕೊಳ್ಳಬಹುದೇ?

ಬೇಡ. ಮನೆಯ ಫ್ರೀಜರು ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುತ್ತೇವೆ, ನಡುವೆ ಕರೆಂಟು ಹೋಗುತ್ತದೆ. ಹೊಳೆಯ ಮೀನಿನ ವಿಷಯದಲ್ಲಂತೂ ಈ ಯೋಚನೆಯೇ ಬೇಡ. ಸಿಹಿನೀರಿನ ಮೀನಿನಲ್ಲಿ ಬೇರೆ ಬಗೆಯ ಹುಳುಗಳಿರುತ್ತವೆ. ಮನೆಯಲ್ಲಿ ಮಾಡುವ ಆಸೆಯಿದ್ದರೆ ಸೌತೆಕಾಯಿ, ಬೆಣ್ಣೆಹಣ್ಣು, ಬೇಯಿಸಿದ ಸಿಗಡಿ ಸಾಕು.

ಬಂಗುಡೆಯ ಸುಶಿ ಇದೆಯೇ?

ಇದೆ, ಬಹಳ ಹಳೆಯದೂ ಹೌದು. ಜಪಾನಿನ ಬಂಗುಡೆ ನಮ್ಮ ಬಂಗುಡೆಯ ದಾಯಾದಿ ಜಾತಿಯದು. ಅದನ್ನು ಎರಡು ಸೀಳು ಮಾಡಿ, ಮೇಲೆ ಧಾರಾಳವಾಗಿ ಉಪ್ಪು ಹರಡಿ ನೀರು ಬಿಡಿಸಿ, ತೊಳೆದು, ವಿನೆಗರಿನಲ್ಲಿ ನೆನೆಹಾಕುತ್ತಾರೆ. ಹೊರಭಾಗ ಬೆಂದಂತೆ ಬಿಳಿಯಾಗುತ್ತದೆ, ಒಳಗೆ ಗುಲಾಬಿ ಬಣ್ಣ ಉಳಿಯುತ್ತದೆ. ಹೀಗೆ ಸಿದ್ಧವಾದದ್ದು ಶಿಮೆ ಸಾಬಾ. ಕಡಲಿನಿಂದ ದೂರವಿದ್ದ ಕ್ಯೋಟೋ ನಗರಕ್ಕೆ ಉಪ್ಪು ಹಾಕಿದ ಬಂಗುಡೆಯನ್ನು ಹೊತ್ತು ತರುತ್ತಿದ್ದರು. ಅದರಿಂದ ಮಾಡಿದ ಸಾಬಾಝುಶಿ ಅಲ್ಲಿ ಇಂದಿಗೂ ಹಬ್ಬದ ತಿನಿಸು. ಉಪ್ಪಿಗೂ ವಿನೆಗರಿಗೂ ಅನಿಸಾಕಿಸ್ ಜಗ್ಗುವುದಿಲ್ಲವಾದ್ದರಿಂದ ಇದನ್ನೂ ಮೊದಲು ಹೆಪ್ಪುಗಟ್ಟಿಸಿಯೇ ಮಾಡಬೇಕು.

ಬಂಗುಡೆ, ಬೂತಾಯಿ, ಚೂರ ಎಂದು ಮಾರುವ ಟ್ಯೂನಾ ಇವುಗಳಿಗೆ ಇನ್ನೊಂದು ಗುಣವಿದೆ. ಹಿಡಿದ ಮೇಲೆ ಬಿಸಿಲಿನಲ್ಲಿ, ಐಸಿಲ್ಲದೆ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಅದನ್ನು ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಒಮ್ಮೆ ಕೂಡಿಕೊಂಡ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. "ಬಂಗುಡೆ ನನಗೆ ಆಗುವುದಿಲ್ಲ" ಎಂದು ಹೇಳುವವರಲ್ಲಿ ಕೆಲವರಿಗೆ ಆಗದಿದ್ದದ್ದು ಬಂಗುಡೆಯಲ್ಲ, ಅಂದು ಐಸಿಲ್ಲದೆ ಬಂದ ಬುಟ್ಟಿ ಎಂಬುದು ನನ್ನ ಗುಮಾನಿ. ಹಸಿಯಾಗಿ ತಿನ್ನುವುದಿರಲಿ, ಸಾರಿಗೆ ಕೊಳ್ಳುವಾಗಲೂ ಮೀನಿನ ಜೊತೆಗೆ ಐಸನ್ನೂ ನೋಡಿ ಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ಹೋಗಬಹುದೇ?

ಹೋಗಬಹುದು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧವಿರುವುದರಿಂದ, ಗಡಿಯಾಚೆ ಮಂಗಳೂರಿನಲ್ಲಿಯೂ ಅದೇ ತಿಂಗಳುಗಳಲ್ಲಿ ಬೋಟುಗಳು ದಡದಲ್ಲಿರುವುದರಿಂದ, ಮಳೆಗಾಲದಲ್ಲಿ ಮೀನು ಎಲ್ಲಿಂದ ಎಂಬ ಅನುಮಾನ ಸಹಜ. ಸಾಲ್ಮನ್ ಹೇಗೂ ನಮ್ಮ ಕಡಲಿನದಲ್ಲ. ಅದು ಸಾಕಣೆಯ ಮೀನು, ವರ್ಷವಿಡೀ ಹೊರಗಿನಿಂದಲೇ ಬರುತ್ತದೆ. ಟ್ಯೂನಾ ಹೆಪ್ಪುಗಟ್ಟಿಸಿದ ದಾಸ್ತಾನಿನದು. ನಿಂತುಹೋಗುವುದು ಊರಿನ ಬೊಂಡಾಸು, ಸಿಗಡಿ, ಏಡಿಗಳ ತಿನಿಸುಗಳು ಮಾತ್ರ.

ಮಳೆಗಾಲದಲ್ಲಿ ನಿಜವಾಗಿ ಕೆಡುವುದು ನೋರಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆ ಹಾಳೆ ಡಬ್ಬಿಯಿಂದ ಹೊರಗೆ ಬಂದ ಕೆಲವೇ ನಿಮಿಷಗಳಲ್ಲಿ ಮೆತ್ತಗಾದ ಹಪ್ಪಳದಂತಾಗಿ, ಕಚ್ಚಿದರೆ ತುಂಡಾಗದೆ ಹಲ್ಲಿಗೆ ಎಳೆದುಕೊಂಡು ಬರುತ್ತದೆ. ಆಟಿ ತಿಂಗಳಲ್ಲಿ ತೆಮಾಕಿ ಹೇಳಿದರೆ ಬಾಣಸಿಗರ ಕೈಯಿಂದ ನೇರ ನಿಮ್ಮ ಕೈಗೆ ತೆಗೆದುಕೊಂಡು ಕೂಡಲೇ ತಿನ್ನಬೇಕು. ಫೋಟೋ ತೆಗೆಯುವಷ್ಟು ಸಮಯ ಅದಕ್ಕಿಲ್ಲ. ಕರೆಂಟು ದೀರ್ಘಕಾಲ ಹೋಗಿದ್ದ ದಿನ ಜನರೇಟರು ನಡೆದಿತ್ತೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಹೋಟೆಲಿನವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ನಾವು ಸಸ್ಯಾಹಾರಿಗಳು. ನಮಗೆ ಅಲ್ಲಿ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ, ಆದರೆ "ಮೀನು ಹಾಕಬೇಡಿ" ಎಂದಷ್ಟೇ ಹೇಳಿದರೆ ಸಾಲದು. ಜಪಾನಿ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣದಂತೆ ಅಡಗಿರುವುದು ದಾಶಿ ಎಂಬ ತಿಳಿಸಾರಿನಲ್ಲಿ. ಕೊಂಬು ಎಂಬ ದಪ್ಪ ಕಡಲ ಪಾಚಿಯ ಜೊತೆಗೆ ಕತ್ಸುವೊಬುಶಿ ಎಂಬ ಒಣಮೀನಿನ ತೆಳುವಾದ ಹೆರೆಗಳನ್ನು ಬಿಸಿನೀರಿನಲ್ಲಿಟ್ಟು ಸೋಸಿದರೆ ದಾಶಿ ಸಿದ್ಧ. ಟ್ಯೂನಾ ಬಳಗದ ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಕಟ್ಟಿಗೆಯಷ್ಟು ಗಟ್ಟಿಯಾಗುವಂತೆ ಒಣಗಿಸಿದ್ದೇ ಕತ್ಸುವೊಬುಶಿ. ಲಕ್ಷದ್ವೀಪದಿಂದ ನಮ್ಮ ಕಡೆಗೆ ಬರುವ ಮಾಸ್ ಮೀನನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ಎರಡೂ ಒಂದೇ ಜಾತಿಯ ಮೀನಿನಿಂದ, ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಆಗುವಂಥವು. ಮಿಸೊ ಸಾರು, ಸಿಹಿಮೊಟ್ಟೆಯ ಪದರವಾದ ತಮಾಗೊ, ತೋಫುವಿನ ಹುರಿದ ಚೀಲದಲ್ಲಿ ಅನ್ನ ತುಂಬಿದ ಇನಾರಿ, ತೆಂಪುರಾ ಎಂಬ ಹಿಟ್ಟು ಸವರಿ ಕರಿದ ತಿನಿಸನ್ನು ಅದ್ದಿ ತಿನ್ನುವ ಸಾಸು, ಇವೆಲ್ಲದರಲ್ಲೂ ಸಾಮಾನ್ಯವಾಗಿ ದಾಶಿ ಇರುತ್ತದೆ. ನೋಡಲು ಇನಾರಿ ಅಪ್ಪಟ ಸಸ್ಯಾಹಾರದಂತಿರುವುದರಿಂದ ಅದರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ಆದುದರಿಂದ ಕೇಳಬೇಕಾದ ಪ್ರಶ್ನೆ "ಇದರಲ್ಲಿ ದಾಶಿ ಇದೆಯೇ, ಇದ್ದರೆ ಅದು ಕೊಂಬುವಿನದೇ ಅಥವಾ ಮೀನಿನದೇ" ಎಂಬುದು. ಬರಿಯ ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದ ಮಾಡುವ ದಾಶಿಯೂ ಇದೆ. ಜಪಾನಿನ ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆ ನಡೆಯುವುದೇ ಅದರ ಮೇಲೆ. ನಮ್ಮ ಬೀದಿಯವರು ಹಿಂದಿನ ದಿನ ತಿಳಿಸಿದರೆ ಹಾಗೆ ಮಾಡಿಕೊಡುತ್ತಾರೆ. ಸೌತೆಕಾಯಿಯ ಕಪ್ಪಾ ಮಾಕಿ, ಸೋರೆಯ ಜಾತಿಯ ಕಾಯಿಯನ್ನು ಪಟ್ಟಿಯಾಗಿ ಹೆರೆದು ಒಣಗಿಸಿ ಸಿಹಿ ಸೋಯಾದಲ್ಲಿ ಕುದಿಸಿ ಸುತ್ತುವ ಕಾಂಪ್ಯೋ ಮಾಕಿ, ಮೂಲಂಗಿ ಉಪ್ಪಿನಕಾಯಿಯ ಹಳದಿ ಮಾಕಿ ಇವು ಹಳೆಯ ಕ್ರಮದ ಸುಶಿಗಳೇ ಹೊರತು ಸಸ್ಯಾಹಾರಿಗಳನ್ನು ಸಮಾಧಾನ ಮಾಡಲು ಈಚೆಗೆ ಹುಟ್ಟಿಕೊಂಡವಲ್ಲ; ಕಾಂಪ್ಯೋ ಮಾತ್ರ ಯಾವ ಸಾರಿನಲ್ಲಿ ಕುದ್ದಿದೆ ಎಂದು ವಿಚಾರಿಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಇವುಗಳಲ್ಲಿ ಇಲ್ಲದ ಕಾರಣ ಹವ್ಯಕರ ಮನೆಯ ಹಿರಿಯರೊಬ್ಬರು ಕಪ್ಪಾ ಮಾಕಿಯನ್ನು ಒಪ್ಪಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಣೆ ಮತ್ತು ಚೂರಿ ಬೇರೆಯೇ, ತೆಂಪುರಾ ಕರಿಯುವ ಎಣ್ಣೆ ಸಿಗಡಿ ಕರಿದ ಎಣ್ಣೆಯೇ ಎಂಬುದನ್ನೂ ಅವರು ಕೇಳಿಯೇ ಕುಳಿತರು. ನೀವೂ ಕೇಳಿ.

ಹಲಾಲ್ ನೋಡುವವರು ಏನನ್ನು ಗಮನಿಸಬೇಕು?

ಮೀನಿಗಿಂತ ಹೆಚ್ಚಾಗಿ ಸಾಸುಗಳನ್ನು. ಮಿರಿನ್ ಮತ್ತು ಸಾಕೆ ಎರಡೂ ಅಕ್ಕಿಯಿಂದ ಮಾಡಿದ, ಮದ್ಯಾಂಶವಿರುವ ಅಡುಗೆ ಸಾಮಗ್ರಿಗಳು. ತೆರಿಯಾಕಿ ಸಾಸಿನಲ್ಲಿ, ಹಾವುಮೀನಿನ ಮೇಲೆ ಸವರುವ ಸಾಸಿನಲ್ಲಿ, ಕೆಲವರು ಅನ್ನದಲ್ಲಿಯೂ ಬಳಸುತ್ತಾರೆ. ಗಲ್ಫಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಬಾಣಸಿಗರಿಗೆ ಅವಿಲ್ಲದೆ ಸಕ್ಕರೆ, ವಿನೆಗರ್‌ಗಳಿಂದಲೇ ರುಚಿ ಹೊಂದಿಸುವ ಅಭ್ಯಾಸವಿದೆ. ಬೇರೆ ಊರಿನ ಹೋಟೆಲಿನಲ್ಲಾದರೆ ಕೇಳಿಕೊಳ್ಳಬೇಕು.

ಅನ್ನ ಅಷ್ಟು ಅಂಟಂಟಾಗಿರುವುದೇಕೆ? ಕುಚ್ಚಲಕ್ಕಿಯಲ್ಲಿ ಮಾಡಲಾಗದೇ?

ಆಗದು. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸಿ ಒಣಗಿಸುವುದರಿಂದ ಕಾಳಿನೊಳಗಿನ ಪಿಷ್ಟ ಒಮ್ಮೆ ಬೆಂದು ಬಿಗಿದುಕೊಂಡಿರುತ್ತದೆ; ಮತ್ತೆ ಅನ್ನ ಮಾಡಿದಾಗ ಅಗುಳು ದಪ್ಪವಾಗುತ್ತದೆಯೇ ಹೊರತು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಗಂಜಿಗೆ ಅದೇ ಸೊಗಸು. ಮಲಬಾರ್ ಬಿರಿಯಾನಿಯ ಜೀರಕಸಾಲೆ ಅಕ್ಕಿ ಸಣ್ಣದಾದರೂ ಉದುರುದುರಾಗಿಯೇ ಇರುತ್ತದೆ. ಜಪಾನಿನ ಗಿಡ್ಡ, ದುಂಡು ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಅಮೈಲೋಪೆಕ್ಟಿನ್ ಹೆಚ್ಚು. ಅಂಟು ಬರುವುದು ಅದರಿಂದ.

ಸಂಜೆ ಬೇಗ ಹೋದರೆ ಅನ್ನ ಬೆರೆಸುವುದನ್ನು ನೋಡಬಹುದು. ಬಿಸಿ ಅನ್ನವನ್ನು ಅಗಲವಾದ ಮರದ ಬಾನಿಗೆ ಸುರಿದು, ವಿನೆಗರ್ ಮಿಶ್ರಣವನ್ನು ಸೌಟಿನ ಮೇಲಿಂದ ಹರಿಸಿ, ಅಗುಳು ಮುರಿಯದಂತೆ ಸೌಟನ್ನು ಕತ್ತಿಯ ಹಾಗೆ ಓರೆಯಾಗಿ ಆಡಿಸುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಬೀಸಣಿಗೆ ಬೀಸುತ್ತಾರೆ. ಮರ ಹೆಚ್ಚಿನ ನೀರನ್ನು ಹೀರುತ್ತದೆ, ಗಾಳಿ ಮೇಲ್ಮೈಯನ್ನು ಒಣಗಿಸುತ್ತದೆ, ಅಗುಳು ಹೊಳೆಯತೊಡಗುತ್ತದೆ. ನಿಗಿರಿ ಕಟ್ಟುವಾಗ ಬಾಣಸಿಗರು ವಿನೆಗರ್ ನೀರಿನಲ್ಲಿ ಬೆರಳು ಅದ್ದಿ, ಅಂಗೈಗೆ ಒಮ್ಮೆ ತಟ್ಟಿ, ಒಂದು ಹಿಡಿಯ ಕಾಲುಭಾಗದಷ್ಟು ಅನ್ನ ತೆಗೆದು, ಎಡಗೈಯ ಮೀನಿನ ಹೋಳಿನ ಮೇಲಿಟ್ಟು, ಬಲಗೈಯ ಎರಡು ಬೆರಳುಗಳಿಂದ ಒತ್ತಿ, ಮಗುಚಿ, ಮತ್ತೆ ಒತ್ತಿ ಮುಗಿಸುತ್ತಾರೆ. ಎತ್ತುವಾಗ ಬಿಡಿಯಾಗದೆ ಬಾಯಿಗೆ ಹೋದ ಕೂಡಲೇ ಬಿಡಿಯಾಗುವಷ್ಟೇ ಒತ್ತಬೇಕು. ಅನ್ನ ಮೈಯ ಬಿಸಿಯಷ್ಟು ಬೆಚ್ಚಗಿರಬೇಕು, ಮೀನು ತಂಪಾಗಿರಬೇಕು. ಹೊಸ ಸುಶಿ ಹೋಟೆಲಿಗೆ ಹೋದರೆ ನಾನು ಮೊದಲು ತೂಗಿ ನೋಡುವುದು ಅನ್ನವನ್ನೇ. ತಣ್ಣಗೆ, ಗಟ್ಟಿಯಾಗಿ, ಫ್ರಿಜ್ಜಿನ ವಾಸನೆಯೊಂದಿಗೆ ಬಂದರೆ ಮೀನು ಎಷ್ಟೇ ಒಳ್ಳೆಯದಿದ್ದರೂ ಮತ್ತೆ ಹೋಗುವುದಿಲ್ಲ.

ತಟ್ಟೆಯಲ್ಲಿರುವ ಹಸಿರು ಮುದ್ದೆ ಚಟ್ನಿಯೇ?

ಅದು ವಾಸಾಬಿ. ಅಸಲಿ ವಾಸಾಬಿ ತಂಪಾದ ಹರಿಯುವ ನೀರಿನಲ್ಲಿ ಬೆಳೆಯುವ ಗಿಡದ ಕಾಂಡ. ತೇದ ಕಾಲು ಗಂಟೆಯಲ್ಲೇ ಅದರ ಘಾಟು ಇಳಿದುಹೋಗುತ್ತದೆ, ಬೆಲೆಯೂ ಬಹಳ. ಜಗತ್ತಿನ ಬಹುಪಾಲು ಹೋಟೆಲುಗಳಲ್ಲಿ ಸಿಗುವುದು ಹಾರ್ಸ್‌ರ‍್ಯಾಡಿಷ್ ಎಂಬ ಬೇರು, ಸಾಸಿವೆ ಮತ್ತು ಹಸಿರು ಬಣ್ಣ ಸೇರಿಸಿದ ಮುದ್ದೆ, ನಮ್ಮಲ್ಲೂ ಅದೇ. ಮೆಣಸಿನ ಖಾರ ನಾಲಗೆಯಲ್ಲಿ ಉಳಿದರೆ ಇದು ಮೂಗಿಗೇರಿ ಕೆಲವು ಕ್ಷಣಗಳಲ್ಲಿ ಇಳಿಯುತ್ತದೆ. ಹಸಿ ಸಾಸಿವೆ ಅರೆದ ಗೊಜ್ಜಿನ ಘಾಟಿಗೂ ಇದಕ್ಕೂ ಕಾರಣವಾದ ವಸ್ತು ಒಂದೇ. ನಿಗಿರಿಯಲ್ಲಿ ಮೀನಿನ ಅಡಿಗೆ ಮೊದಲೇ ಸವರಿರುತ್ತಾರೆ, ಬೇಡವಾದರೆ ಕಟ್ಟುವ ಮೊದಲೇ ಹೇಳಬೇಕು. ಪಕ್ಕದ ತೆಳು ಗುಲಾಬಿ ಎಸಳುಗಳು ಶುಂಠಿಯ ಉಪ್ಪಿನಕಾಯಿ. ಒಂದು ಬಗೆಯ ಮೀನು ತಿಂದು ಇನ್ನೊಂದಕ್ಕೆ ಹೋಗುವ ಮೊದಲು ಬಾಯಿ ಶುಚಿ ಮಾಡಿಕೊಳ್ಳಲು ಅದು ಇರುವುದು. ನಂಜಿಕೊಂಡು ತಿನ್ನುವ ಕ್ರಮ ಅಲ್ಲಿಲ್ಲ.

ಕೈಯಲ್ಲಿ ತಿಂದರೆ ನಗುತ್ತಾರೆಯೇ?

ಇಲ್ಲ. ನಿಗಿರಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲಿಯೂ ಸರಿಯಾದ ಕ್ರಮವೇ. ಕೂತ ಕೂಡಲೇ ಒದ್ದೆ ಟವೆಲು ಕೊಡುವುದು ಕೈ ಒರೆಸಿಕೊಳ್ಳುವುದಕ್ಕೇ. ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಿ. ಸೋಯಾ ಸಾಸಿಗೆ ಮೀನಿನ ಬದಿಯನ್ನು ಅದ್ದಬೇಕು. ಅನ್ನದ ಬದಿ ಅದ್ದಿದರೆ ಅದು ಸಾಸನ್ನೆಲ್ಲ ಕುಡಿದು ಬಟ್ಟಲಿನಲ್ಲೇ ಕಳಚಿ ಬೀಳುತ್ತದೆ. ಕಡ್ಡಿಗಳನ್ನು ಬಳಸುವುದಾದರೆ ಎರಡು ನಿಷೇಧಗಳನ್ನು ನೆನಪಿಡಿ: ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು. ಮೊದಲನೆಯದು ಸತ್ತವರಿಗೆ ಅನ್ನ ಇಡುವ ಕ್ರಮ, ಎರಡನೆಯದು ದಹನದ ನಂತರ ಅಸ್ಥಿ ಆಯುವ ಕ್ರಮ.

ಮೇಯನೇಸು ಹಾಕಿದ ರೋಲುಗಳು ಅಸಲಿ ಸುಶಿಯೇ?

ಅಸಲಿ ಯಾವುದು ಎಂದು ಹುಡುಕುತ್ತ ಹಿಂದೆ ಹೋದರೆ, ಮೀನಿಗೆ ಉಪ್ಪು ಹಾಕಿ ಅನ್ನದ ನಡುವೆ ತಿಂಗಳುಗಟ್ಟಲೆ ಹುಳಿಯಿಸಿ, ಅನ್ನ ಎಸೆದು ಮೀನು ತಿನ್ನುತ್ತಿದ್ದ ನಾರೆಝುಶಿಯವರೆಗೂ ಹೋಗಬೇಕಾಗುತ್ತದೆ; ಬಿವಾ ಸರೋವರದ ಸುತ್ತಮುತ್ತ ಅದನ್ನು ಈಗಲೂ ಮಾಡುತ್ತಾರೆ. ನಾವಿಂದು ಕಾಣುವ ನಿಗಿರಿ 19ನೆಯ ಶತಮಾನದ ಮೊದಲ ಭಾಗದಲ್ಲಿ, ಟೋಕಿಯೋ ಇನ್ನೂ ಎಡೋ ಆಗಿದ್ದಾಗ, ಬೀದಿಬದಿಯಲ್ಲಿ ನಿಂತು ತಿನ್ನುವವರಿಗಾಗಿ ಬೆಳೆದದ್ದು. ತಟ್ಟೆಗಳು ಪಟ್ಟಿಯ ಮೇಲೆ ಸುತ್ತುವ ಹೋಟೆಲನ್ನು ಯೊಶಿಯಾಕಿ ಶಿರಾಯಿಶಿ ಎಂಬವರು 1958ರಲ್ಲಿ ಒಸಾಕಾದ ಕಡೆ ತೆರೆದರು. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಗುವುದನ್ನು ನೋಡಿ ಹೊಳೆದದ್ದಂತೆ. ಸಾಲ್ಮನ್ ನಿಗಿರಿ ಜಪಾನಿಗರಲ್ಲಿ ರೂಢಿಯಾದದ್ದು 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಣೆ ಮೀನನ್ನು ಅಲ್ಲಿ ಮಾರಲು ಹೊರಟ ಮೇಲೆ. ಹೀಗಿರುವಾಗ ಅಮೆರಿಕ ಖಂಡದ ಪಡುವಣ ಕರೆಯಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾ ರೋಲನ್ನು ಮಾತ್ರ ಪಂಕ್ತಿಯಿಂದ ಎಬ್ಬಿಸುವುದು ನ್ಯಾಯವಲ್ಲ. ಮೇಯನೇಸು ಸುರಿದರೆ ಅನ್ನದ ರುಚಿ ಮುಳುಗಿಹೋಗುತ್ತದೆ ಎಂಬುದಷ್ಟೇ ನನ್ನ ತಕರಾರು.

ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ತಿನ್ನಬಹುದೇ?

ಬೇಯಿಸಿದ ಮತ್ತು ತರಕಾರಿಯ ಸುಶಿ ತಿನ್ನಬಹುದು. ಹಸಿ ಮೀನು ಬೇಡ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಕಿಮೋ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ದೊಡ್ಡ ಜಾತಿಯ ಟ್ಯೂನಾದಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಗರ್ಭಿಣಿಯರು ಅದನ್ನು ಬೇಯಿಸಿಯೂ ಮಿತಿ ಮೀರಿ ತಿನ್ನಬಾರದು. ಗೋಧಿ ಆಗದವರಿಗೆ ಒಂದು ಮಾತು: ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ.

ಪಾರ್ಸೆಲ್ ಕೊಡುತ್ತಾರೆಯೇ?

ಮಾಕಿಯನ್ನು ಕೊಡುತ್ತಾರೆ, ಹಸಿ ಮೀನಿನದನ್ನು ಕೊಡುವುದಿಲ್ಲ. ಉಪ್ಪಳಕ್ಕೋ ಬದಿಯಡ್ಕಕ್ಕೋ ಹೋಗುವ ಬಸ್ಸಿನ ಸೆಕೆಯಲ್ಲಿ ಹಸಿ ಮೀನು ಹೋಗುವುದು ಬೇಡ ಎಂಬ ಅವರ ಹಟ ನನಗೆ ಸರಿ ಎನಿಸುತ್ತದೆ. ಮನೆಗೆ ತಂದ ಮಾಕಿಯನ್ನು ಆ ರಾತ್ರಿಯೇ ಮುಗಿಸಿ. ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆಗೆ ಅನ್ನ ಕಲ್ಲಾಗುತ್ತದೆ.

ಮೊದಲ ಸಲ ಹೋಗುವವರು ಏನು ಹೇಳಬೇಕು, ಯಾವಾಗ ಹೋಗಬೇಕು?

ಬೇಯಿಸಿದ ಸಿಗಡಿಯ ನಿಗಿರಿ, ಒಂದು ಕಪ್ಪಾ ಮಾಕಿ, ಒಂದು ತಮಾಗೊ, ಇಷ್ಟರಿಂದ ಶುರು ಮಾಡಿ. ಹಿಡಿಸಿದರೆ ಬಿಳಿ ಮೀನು, ಆಮೇಲೆ ಟ್ಯೂನಾ, ಕೊನೆಗೆ ಕೊಬ್ಬಿನ ಸಾಲ್ಮನ್ ಎಂಬ ಕ್ರಮದಲ್ಲಿ ಹೋದರೆ ಹಗುರವಾದ ರುಚಿ ಭಾರದ ರುಚಿಯಡಿ ಸಿಕ್ಕಿಬೀಳುವುದಿಲ್ಲ. ಎರಡು ಮೂರು ಸಲ ಹೋಗಿ ಪರಿಚಯವಾದ ಮೇಲೆ ಒಮಕಾಸೆ ಕೇಳಬಹುದು. ಅಂದರೆ ಏನು ಕೊಡಬೇಕೆಂಬುದನ್ನು ಬಾಣಸಿಗರಿಗೇ ಬಿಟ್ಟುಬಿಡುವುದು. ಆಗದ ತಿನಿಸುಗಳನ್ನೂ ಖರ್ಚಿನ ಮಿತಿಯನ್ನೂ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನೆಮ್ಮದಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತದೆ. ಅನ್ನ ಬೆರೆಸಿದ ಹೊತ್ತಿಗೆ, ಅಂದರೆ ಸಂಜೆ ಏಳರ ಒಳಗೆ, ಮೇಜು ಬಿಟ್ಟು ಕೌಂಟರಿನ ಎದುರು ಕುಳಿತುಕೊಳ್ಳಿ, ಅತ್ತರು ಹಚ್ಚಿಕೊಂಡು ಹೋಗಬೇಡಿ. ಅಂದಿನ ಅನ್ನ ಮುಗಿದರೆ ಅಂದಿನ ವ್ಯಾಪಾರವೂ ಮುಗಿದಂತೆ. ಹೊಸದಾಗಿ ಅಕ್ಕಿ ಇಡುವುದಿಲ್ಲವಾದ್ದರಿಂದ ಭಾನುವಾರವಾದರೆ ಮುಂಚಿತವಾಗಿ ಫೋನು ಮಾಡಿ ಜಾಗ ಹೇಳಿಟ್ಟುಕೊಳ್ಳಬೇಕು.